ಮನೆಯಲ್ಲಿ ಕನ್ನಡ ಬಿಡಬೇಕೇ? ಆಟಿಸಂ ಇರುವ ಮಗನ ವಿಷಯದಲ್ಲಿ ಅನುಭವಿ ಪೋಷಕರ ಸಲಹೆ ಬೇಕು

ತುಮಕೂರಿನ ತಂದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಕಳೆದ ಮಳೆಗಾಲದಲ್ಲಿ ಅವನಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದರು. ಅಂದಿನಿಂದ ವಾರಕ್ಕೆ ಎರಡು ದಿನ ನನ್ನ ಹೆಂಡತಿ ಅವನನ್ನು ಕರೆದುಕೊಂಡು ಬೆಳಗ್ಗೆ ಆರೂವರೆಯ ಬಸ್ಸು ಹತ್ತಿ, ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಮುಕ್ಕಾಲು ಗಂಟೆ ಸ್ಪೀಚ್ ಥೆರಪಿ, ಮುಕ್ಕಾಲು ಗಂಟೆ ಒಟಿ (ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ಮುಗಿಸಿಕೊಂಡು ಸಂಜೆಯ ಹೊತ್ತಿಗೆ ಮನೆ ಸೇರುತ್ತಾಳೆ. ಇದಕ್ಕಾಗಿ ಅವಳು ತನ್ನ ಶಿಕ್ಷಕಿಯ ಕೆಲಸವನ್ನು ಬಿಟ್ಟಿದ್ದಾಳೆ.

ಕೇಂದ್ರದವರು ನಮಗೆ ಎರಡು ಸೂಚನೆ ಕೊಟ್ಟಿದ್ದಾರೆ. ಮೊದಲನೆಯದು, ಮಗುವಿಗೆ ಗೊಂದಲವಾಗದಂತೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕು. ಎರಡನೆಯದು, ದಿನಕ್ಕೆ ಎರಡು ಗಂಟೆ ಮೇಜಿನ ಮುಂದೆ ಕೂರಿಸಿ ಚಿತ್ರದ ಕಾರ್ಡುಗಳನ್ನು ತೋರಿಸಿ ಹೆಸರು ಹೇಳಿಸಬೇಕು ಮತ್ತು ಎಷ್ಟು ಹೇಳಿದನೆಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನೂ ಐದು ತಿಂಗಳಿನಿಂದ ಪಾಲಿಸುತ್ತಿದ್ದೇವೆ. ಈಗ ಕಾರ್ಡಿನ ಡಬ್ಬ ಕಂಡರೆ ಸಾಕು, ಅವನು ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ನನ್ನ ತಾಯಿಗೆ ಇಂಗ್ಲಿಷ್ ಬಾರದು. ಮೊದಲು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನಾದರೊಂದು ಹಾಡುತ್ತಿದ್ದವರು ಈಗ ಮೊಮ್ಮಗನೆದುರು ಬಾಯಿ ಬಿಡಲು ಹೆದರುತ್ತಾರೆ.

ಅವನು ತಾನಾಗಿ ಆಡುವ ಮಾತು ಬಹಳ ಕಡಿಮೆ. ಬಸ್ಸಿನಲ್ಲಿ ಕೇಳಿ ಕಲಿತ "ರೈಟ್ ರೈಟ್" ಎಂಬುದನ್ನು ಮಾತ್ರ ದಿನವಿಡೀ ಹೇಳುತ್ತಾನೆ. ಅದು ಅರ್ಥವಿಲ್ಲದ ಪುನರಾವರ್ತನೆ, ಪ್ರೋತ್ಸಾಹಿಸಬೇಡಿ ಎಂದು ಕೇಂದ್ರದಲ್ಲಿ ಹೇಳಿದ್ದಾರೆ.

ಮನೆಯಲ್ಲಿ ಕನ್ನಡವನ್ನು ನಿಜವಾಗಿಯೂ ಬಿಡಬೇಕೇ? ಮನೆಯಲ್ಲಿ ನಾವು ಮಾಡಬೇಕಾದ ಕೆಲಸ ಯಾವುದು, ಎಷ್ಟು? ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಏಳಕ್ಕೆ ಬರುವ ನನ್ನಂಥವನು ಇದರಲ್ಲಿ ಏನು ಮಾಡಬಹುದು? ಈ ಮೂರಕ್ಕೂ ಸಲಹೆ ಬೇಡುತ್ತಿದ್ದೇನೆ.

ಮೈಸೂರಿನ ಅಮ್ಮ

ನನ್ನ ಮಗನಿಗೆ ಈಗ ಹದಿನೈದು. ನಿಮ್ಮ ಪತ್ರವನ್ನು ಓದುವಾಗ ಹನ್ನೊಂದು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣೆದುರು ಬಂದಂತಾಯಿತು. ನಮ್ಮಲ್ಲಿಯೂ ಒಂದು ಡಬ್ಬವಿತ್ತು, ಹಣ್ಣು, ತರಕಾರಿ, ಪ್ರಾಣಿ, ವಾಹನ ಎಂದು ವಿಂಗಡಿಸಿದ ನೂರಿಪ್ಪತ್ತು ಕಾರ್ಡುಗಳು. ಆನೆಯ ಚಿತ್ರ ತೋರಿಸಿದರೆ "ಎಲಿಫೆಂಟ್" ಎನ್ನುತ್ತಿದ್ದ. ದಸರೆಯ ಸಮಯದಲ್ಲಿ ತಾಲೀಮಿಗೆಂದು ರಸ್ತೆಯಲ್ಲಿ ಬಂದ ಆನೆಗಳ ಮುಂದೆ ನಿಲ್ಲಿಸಿದಾಗ ಅದು ಆನೆಯೆಂಬುದೇ ಅವನಿಗೆ ಹೊಳೆಯಲಿಲ್ಲ. ಅವನು ಕಲಿತದ್ದು ಕಾರ್ಡಿನ ಹೆಸರನ್ನು.

ನಮ್ಮ ಮನೆಯಲ್ಲಿ ಬದಲಾವಣೆ ಶುರುವಾದದ್ದು ದೋಸೆಯ ಕಾವಲಿಯಿಂದ. ಹಿಟ್ಟು ಹುಯ್ದಾಗ ಬರುವ ಚುಂಯ್ ಎಂಬ ಸದ್ದು ಅವನಿಗೆ ಬಹಳ ಇಷ್ಟ; ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡೂ ಕೈಗಳನ್ನು ಪಟಪಟನೆ ಬಡಿಯುತ್ತಿದ್ದ. ಆಗ ನಮಗೆ ಸಿಕ್ಕಿದ್ದ ಹೊಸ ಚಿಕಿತ್ಸಕಿಯೊಬ್ಬರು ಮನೆಯ ದಿನಚರಿಯನ್ನೆಲ್ಲ ಕೇಳಿ ತಿಳಿದುಕೊಂಡು, "ಕಾರ್ಡು ಅತ್ತ ಇಡಿ, ದೋಸೆ ಹುಯ್ಯುವಾಗ ಒಂದು ಕ್ಷಣ ಕೈ ತಡೆಯಿರಿ" ಎಂದರು. ಹಾಗೆಯೇ ಸೌಟಿನಲ್ಲಿ ಹಿಟ್ಟು ತೆಗೆದು ಕಾವಲಿಯ ಮೇಲೆ ಹಿಡಿದು, ಅವನ ಕಡೆ ನೋಡಿ, ಏನೂ ಹೇಳದೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಾದದ್ದು ಆಗಲೇ. ಮೊದಲ ಕೆಲವು ದಿನ ಅವನು ನನ್ನ ಮೊಣಕೈಯನ್ನು ನೂಕಿದ. ನಾನು ಅದನ್ನೇ ಮಾತೆಂದು ತಿಳಿದು "ಹುಯ್ಯಿ" ಎಂದು ಅವನ ಪರವಾಗಿ ಹೇಳಿ ಹುಯ್ಯುತ್ತಿದ್ದೆ. ಮೂರು ವಾರವಾದ ಮೇಲೆ ಒಂದು ಬೆಳಗ್ಗೆ "ಊಯಿ" ಎಂದ. ಅವನು ಯಾರೂ ಕೇಳದೆ ಆಡಿದ ಮೊದಲ ಕ್ರಿಯಾಪದ ಅದು, ಅದೂ ಕನ್ನಡದಲ್ಲಿ.

ಆದ್ದರಿಂದ ನಿಮ್ಮ ತಾಯಿಯವರಿಗೆ ಇಂದೇ ಹೇಳಿ, ಮೊದಲಿನಂತೆ ಹಾಡಲಿ.

ವಾಕ್ ಚಿಕಿತ್ಸಕಿ

ಹದಿನೆಂಟು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಮಗುವನ್ನು ನೋಡದೆ ಅವನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲವಾದ್ದರಿಂದ ಸಾಮಾನ್ಯವಾಗಿ ತಿಳಿದಿರುವುದನ್ನಷ್ಟೇ ಬರೆಯುತ್ತೇನೆ.

ಮೊದಲು ಭಾಷೆಯ ವಿಷಯ. ಎರಡು ಭಾಷೆ ಕೇಳಿಬರುವ ಮನೆಯಲ್ಲಿ ಬೆಳೆದ ಆಟಿಸಂ ಇರುವ ಮಕ್ಕಳು, ಒಂದೇ ಭಾಷೆಯ ಮನೆಯಲ್ಲಿ ಬೆಳೆದ ಅಂಥದೇ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬೀಳುತ್ತಾರೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಗೊಂದಲವಾಗುತ್ತದೆ ಎಂಬ ಸಲಹೆಯನ್ನು ನಮ್ಮ ವೃತ್ತಿಯವರೇ ಅನೇಕರು ಇನ್ನೂ ಕೊಡುತ್ತಿದ್ದಾರೆ ಎಂಬುದು ನನಗೆ ನಾಚಿಕೆಯ ಸಂಗತಿ. ತಮಗೆ ಸಲೀಸಾಗಿ ಬಾರದ ಭಾಷೆಯಲ್ಲಿ ತಂದೆತಾಯಿ ಮಾತಾಡಿದಾಗ ವಾಕ್ಯ ಮೊಟಕಾಗುತ್ತದೆ, ದನಿಯ ಏರಿಳಿತ ಹೋಗುತ್ತದೆ, ಹಾಡು, ಲಾಲಿ, ತಮಾಷೆ ಎಲ್ಲವೂ ನಿಲ್ಲುತ್ತವೆ, ಉಳಿಯುವುದು "ಸಿಟ್ ಡೌನ್", "ಕಮ್ ಹಿಯರ್" ಎಂಬ ಆಜ್ಞೆಗಳು ಮಾತ್ರ. ನಿಮ್ಮ ಮನೆಯಲ್ಲಿ ಅದರ ಜೊತೆಗೆ ಒಬ್ಬ ಅಜ್ಜಿಯೇ ಮೌನವಾಗಿದ್ದಾರೆ.

ಎರಡನೆಯದು "ರೈಟ್ ರೈಟ್". ಕೇಳಿದ್ದನ್ನು ಹಾಗೆಯೇ ಮರಳಿ ಹೇಳುವುದಕ್ಕೆ ನಾವು ಎಕೊಲೇಲಿಯಾ ಎನ್ನುತ್ತೇವೆ. ಅದು ಅರ್ಥವಿಲ್ಲದ್ದು ಎಂಬ ಹಳೆಯ ಅಭಿಪ್ರಾಯವನ್ನು ಈಗ ಬಹುಮಟ್ಟಿಗೆ ಕೈಬಿಡಲಾಗಿದೆ. ಅವನು ಅದನ್ನು ಯಾವಾಗ ಹೇಳುತ್ತಾನೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಹೇಳಿದ ಮೇಲೆ ಅವನ ದೇಹ ಯಾವ ಕಡೆ ತಿರುಗುತ್ತದೆ ಎಂಬುದನ್ನು ಒಂದು ವಾರ ಗಮನಿಸಿ ಬರೆಯಿರಿ. ಕಂಡಕ್ಟರ್ "ರೈಟ್ ರೈಟ್" ಎಂದ ಮೇಲೆ ಬಸ್ಸು ಹೊರಡುತ್ತದೆ. ಆದ್ದರಿಂದ ಅವನ ಪಾಲಿಗೆ ಅದು "ಹೊರಡೋಣ" ಎಂದಾಗಿರಬಹುದು, "ಇದು ಸಾಕು, ಮುಂದಿನದು" ಎಂದೂ ಆಗಿರಬಹುದು.

ಕನ್ನಡದ ಮನೆಗಳಲ್ಲಿ ಇನ್ನೊಂದನ್ನು ಮೇಲಿಂದ ಮೇಲೆ ನೋಡುತ್ತೇನೆ. ನಾವು ಮಗುವನ್ನು "ನೀರು ಬೇಕಾ?" ಎಂದು ಕೇಳಿ ಲೋಟ ಕೊಡುತ್ತೇವೆ. ಮಗು ಆ ಇಡೀ ಮಾತನ್ನು ಲೋಟದೊಂದಿಗೆ ಸೇರಿಸಿ ಕಲಿಯುತ್ತದೆ. ಮುಂದೆ ಬಾಯಾರಿದಾಗ ನಮ್ಮ ಬಳಿ ಬಂದು "ನೀರು ಬೇಕಾ?" ಎನ್ನುತ್ತದೆ. ಮನೆಯವರು ಅದು ತಮ್ಮನ್ನು ಕೇಳುತ್ತಿದೆಯೆಂದುಕೊಂಡು "ನಂಗೆ ಬೇಡ ಪುಟ್ಟ" ಎಂದುಬಿಡುತ್ತಾರೆ. ಮಗು ನೆಲಕ್ಕೆ ಬಿದ್ದು ಅಳುತ್ತದೆ. ಹಟಮಾರಿ ಎಂಬ ಹೆಸರು ಬರುತ್ತದೆ. "ಎತ್ಕೊಳ್ಲಾ?", "ಹೊರಗೆ ಹೋಗ್ತೀಯಾ?" ಎಂಬುವೂ ಹೀಗೆಯೇ. ನಮ್ಮ ಭಾಷೆಯಲ್ಲಿ ಅದು ಪ್ರಶ್ನೆಯೇ, ಯಾರನ್ನು ಕುರಿತದ್ದು ಎಂಬುದು ಕ್ರಿಯಾಪದದ ಕೊನೆಯಲ್ಲಿ ಅಡಗಿರುವುದರಿಂದ ಈ ತಿರುವು ಮಗುವಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಪರಿಹಾರ ಬಹಳ ಸರಳ: ಪ್ರಶ್ನೆಯನ್ನು ಕಡಿಮೆ ಮಾಡಿ, ಮಗು ಏನು ಹೇಳಬೇಕಾಗಿತ್ತೋ ಅದನ್ನೇ ಅದರ ಜಾಗದಲ್ಲಿ ನಿಂತು "ನೀರು ಬೇಕು" ಎಂದು ಹೇಳಿ ಲೋಟ ಕೊಡಿ. ಮತ್ತೆ ಹೇಳು ಎಂದು ಒತ್ತಾಯಿಸಬೇಡಿ.

ಪೋಷಕರ ಪಾತ್ರದ ಬಗ್ಗೆ ನಮ್ಮ ಭಾಗದಲ್ಲಿಯೇ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದೊಳಗಿನ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ಇದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಜ್ಞರ ಬದಲು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಪೋಷಕರೊಂದಿಗೆ 12 ಬಾರಿ ಕೂತು, ತಾಯಿಯೋ ತಂದೆಯೋ ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಅವರಿಗೇ ತೋರಿಸಿ, ಮಗು ಸೂಚನೆ ಕೊಟ್ಟ ಕ್ಷಣಗಳನ್ನು ಗುರುತಿಸಲು ಕಲಿಸಿದರು. ಪೋಷಕರು ಮಗುವಿನ ಗಮನಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು, ಮಕ್ಕಳು ತಾವಾಗಿ ಸಂವಹನ ಆರಂಭಿಸುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಹಂಚಿಕೊಂಡ ಸಮಯ ಮಾತ್ರ ಹೆಚ್ಚುವ ಬದಲು ಕಡಿಮೆಯಾಯಿತು ಎಂಬುದನ್ನೂ ಸಂಶೋಧಕರು ಮುಚ್ಚಿಡದೆ ವರದಿ ಮಾಡಿದ್ದಾರೆ. ಇದಕ್ಕೆ ಮೂಲವಾದ ಬ್ರಿಟನ್ನಿನ ಪ್ರಯೋಗದಲ್ಲಿ 152 ಮಕ್ಕಳಿದ್ದರು. ಹಲವು ವರ್ಷಗಳ ನಂತರ ಅವರನ್ನು ಮತ್ತೆ ನೋಡಿದಾಗಲೂ ಸ್ವಲ್ಪ ಮಟ್ಟಿನ ಲಾಭ ಉಳಿದಿತ್ತು. ಇದು ಪವಾಡವಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಕೇಂದ್ರದಲ್ಲಿ ನಿಮ್ಮ ಮಗ ವಾರಕ್ಕೆ ಮೂರು ಗಂಟೆ ಇರುತ್ತಾನೆ, ಎಚ್ಚರವಾಗಿರುವ ಉಳಿದ ಎಂಬತ್ತು ಗಂಟೆ ಮನೆಯವರ ಜೊತೆ ಕಳೆಯುತ್ತಾನೆ.

ಹುಬ್ಬಳ್ಳಿಯ ಅಪ್ಪ

ಮೇಡಂ ಮತ್ತು ಮೈಸೂರಿನ ಅಮ್ಮ ಹೇಳಿದ್ದನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನನ್ನ ಮಗಳಿಗೆ ಒಂಬತ್ತು ವರ್ಷ, ಒಂದು ಮಾತೂ ಬರುವುದಿಲ್ಲ. ಏನು ಬೇಕೆಂದು ತಿಳಿಸಲಾಗದೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದವಳಿಗೆ ಶಾಂತಿ ಸಿಕ್ಕದ್ದು ಕಾರ್ಡುಗಳಿಂದಲೇ. ಇಂದು ಅವಳ ಕೊರಳಲ್ಲಿ ಒಂದು ಸಣ್ಣ ಪುಸ್ತಕ ತೂಗುತ್ತಿರುತ್ತದೆ. ಚುರುಮುರಿ ಬೇಕಾದರೆ ಚುರುಮುರಿಯ ಚಿತ್ರ, ಮೇಲುಪ್ಪರಿಗೆಗೆ ಹೋಗಬೇಕಾದರೆ ಮೆಟ್ಟಿಲಿನ ಚಿತ್ರ ಕಿತ್ತು ಕೈಗೆ ಕೊಡುತ್ತಾಳೆ. ಮೇಜಿನ ಮುಂದೆ ಶಿಸ್ತಾಗಿ ಕೂತು ಕಲಿಯದಿದ್ದರೆ ಇದು ಆಗುತ್ತಿರಲಿಲ್ಲ. ಕಾರ್ಡಿನ ಡಬ್ಬವನ್ನು ಎತ್ತಿಡಿ ಎಂದು ಒಂದೇ ಸಲಕ್ಕೆ ಹೇಳುವುದು ಅಪಾಯ. ನಮ್ಮಂಥ ಮಕ್ಕಳ ಪೋಷಕರು ಅದನ್ನು ಓದಿ ಇರುವುದೊಂದು ದಾರಿಯನ್ನೂ ಮುಚ್ಚಿಕೊಂಡಾರು.

ವಾಕ್ ಚಿಕಿತ್ಸಕಿ

ನಿಮ್ಮ ಎಚ್ಚರಿಕೆ ಸರಿಯಾಗಿದೆ ಸರ್, ನಾನು ಬಿಡಿಸಿ ಹೇಳಬೇಕಾಗಿತ್ತು. ನಿಮ್ಮ ಮಗಳ ಕೈಯಲ್ಲಿರುವ ಕಾರ್ಡು ಅವಳ ಮಾತು. ಅವಳು ಅದನ್ನು ನಿಮಗೆ ಕೊಡುತ್ತಾಳೆ. ತುಮಕೂರಿನ ಮನೆಯಲ್ಲಿರುವ ಕಾರ್ಡು ಪರೀಕ್ಷೆಯ ಪ್ರಶ್ನೆ. ದೊಡ್ಡವರು ಅದನ್ನು ಮಗುವಿಗೆ ತೋರಿಸುತ್ತಾರೆ. ಒಂದೇ ಕಾಗದವಾದರೂ ಅದು ಸಾಗುವ ದಿಕ್ಕು ಬೇರೆ. ಚಿತ್ರ ಅಥವಾ ಟ್ಯಾಬ್ ಕೊಟ್ಟರೆ ಮಗು ಸೋಮಾರಿಯಾಗಿ ಬಾಯಿಮಾತನ್ನೇ ಕಲಿಯುವುದಿಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಚಿತ್ರದ ಕೆಳಗಿನ ಅಕ್ಷರವನ್ನು ಮಾತ್ರ ಮನೆಯ ಭಾಷೆಯಲ್ಲಿ ಬರೆಯಿರಿ, ಅಜ್ಜಿಯೂ ಓದುವಂತಿರಲಿ.

ಇಬ್ಬರು ಮಕ್ಕಳ ತಾಯಿ, ಬೆಂಗಳೂರು

ಈ ಚರ್ಚೆಯಲ್ಲಿ "ಪೋಷಕರು" ಎಂಬ ಪದ ಬಂದಲ್ಲೆಲ್ಲ "ತಾಯಿ" ಎಂದು ಓದಿಕೊಂಡರೂ ಅರ್ಥ ಕೆಡುವುದಿಲ್ಲ ಎಂಬುದನ್ನು ಗಮನಿಸಿದಿರಾ? ಕೆಲಸ ಬಿಟ್ಟವಳು ತಾಯಿ, ಆರೂವರೆಯ ಬಸ್ಸು ಹತ್ತಿದವಳು ತಾಯಿ, ಪುಸ್ತಕದಲ್ಲಿ ಅಂಕಿ ಬರೆದವಳೂ ಅವಳೇ. ಈಗ ಉಳಿದ ಎಂಬತ್ತು ಗಂಟೆಯನ್ನೂ ಚಿಕಿತ್ಸೆಯೆಂದು ಕರೆದರೆ ಅವಳಿಗೆ ಉಸಿರಾಡಲು ಯಾವ ಗಂಟೆ ಉಳಿಯುತ್ತದೆ?

ಇದಕ್ಕೊಂದು ಇತಿಹಾಸವೂ ಇದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದು ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕದ ಮುಂದಿಟ್ಟಾಗ, ಆ ಮಕ್ಕಳ ತಂದೆತಾಯಿಯರಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆಯೆಂದೂ ಸೇರಿಸಿದರು. ಮುಂದಿನ ಎರಡು ದಶಕ ಆ ಮಾತು ಬೆಳೆದು ತಾಯಿಯೇ ಕಾರಣ, ಆಕೆ ಫ್ರಿಜ್ಜಿನಂತೆ ತಣ್ಣಗಿದ್ದಾಳೆ ಎಂಬ ಆರೋಪವಾಯಿತು. ಶಿಕಾಗೋದ ಬ್ರೂನೊ ಬೆಟಲ್‌ಹೈಮ್ ಅದನ್ನು ಜನಪ್ರಿಯಗೊಳಿಸಿದರು. ಅದನ್ನು ಮುರಿದವರಲ್ಲಿ ಪೋಷಕರೇ ಮುಂದಿದ್ದರು. ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಸಾಕಿದ ರೀತಿಗೆ ಸಂಬಂಧಿಸಿದ್ದಲ್ಲ ಎಂದು 1964ರಲ್ಲಿ ವಾದಿಸಿದರು. ಇಂಗ್ಲೆಂಡಿನಲ್ಲಿ ಆಟಿಸಂ ಇದ್ದ ಮಗಳ ತಾಯಿಯಾಗಿದ್ದ ಮನೋವೈದ್ಯೆ ಲೋರ್ನಾ ವಿಂಗ್ 1962ರಲ್ಲಿ ಇತರ ಪೋಷಕರೊಡನೆ ಸೇರಿ ಸಂಘ ಕಟ್ಟಿದರು. ನಮ್ಮ ದೇಶದಲ್ಲಿ 1991ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಆರಂಭಿಸಿದ ಮೇರಿ ಬರುವಾ ಕೂಡ ಒಬ್ಬ ತಾಯಿಯೇ. ಹಾಗಾಗಿ ಪೋಷಕರ ಪಾಲ್ಗೊಳ್ಳುವಿಕೆಯನ್ನು ನಾನು ವಿರೋಧಿಸುತ್ತಿಲ್ಲ. ಆದರೆ "ನೀನು ಸರಿಯಾಗಿ ಮಾಡಿದ್ದರೆ ಮಗು ಇಷ್ಟೊತ್ತಿಗೆ ಮಾತಾಡುತ್ತಿತ್ತು" ಎಂಬ ಮಾತನ್ನು ನನ್ನ ಓರಗಿತ್ತಿಯಿಂದ ಹಿಡಿದು ಥೆರಪಿಸ್ಟಿನವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಹಳೆಯ ಆರೋಪವೇ ಬೇರೆ ಸೀರೆಯುಟ್ಟು ಬಂದಿದೆ.

ತುಮಕೂರಿನ ತಂದೆಯವರಿಗೆ ನೇರವಾಗಿ ಒಂದು ಮಾತು. ನೀವೇನು ಮಾಡಬಹುದೆಂದು ಕೇಳಿದ್ದೀರಿ. ಸಂಜೆಯ ಸ್ನಾನ ನಿಮ್ಮದಾಗಲಿ, ಪೂರ್ತಿಯಾಗಿ. ನೀರು ಕಾಯಿಸುವುದರಿಂದ ಟವಲು ಒಣಹಾಕುವವರೆಗೆ. ಆ ಹೊತ್ತಿನಲ್ಲಿ ನಿಮ್ಮ ಹೆಂಡತಿ ಎಲ್ಲಿ ಹೋದರು, ಏನು ಮಾಡಿದರು ಎಂದು ಯಾರೂ ಕೇಳದಿರಲಿ. ಹಾಗೆಯೇ ತಿಂಗಳಿಗೆ ಎರಡು ಬಾರಿಯಾದರೂ ರಜೆ ಹಾಕಿ ಬೆಂಗಳೂರಿಗೆ ನೀವೇ ಹೋಗಿ.

ಸಾಗರದ ಅಜ್ಜ

ನಿವೃತ್ತ ಪ್ರೌಢಶಾಲಾ ಶಿಕ್ಷಕ ನಾನು. ಹಿರಿಯರ ಪರವಾಗಿ ಒಂದು ತಪ್ಪೊಪ್ಪಿಗೆಯನ್ನು ಇಲ್ಲಿ ಬರೆಯಬೇಕೆನಿಸಿತು. ಮೊಮ್ಮಗಳು ಎರಡು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ, ಚಂದ್ರನನ್ನು ತೋರಿಸಿದರೆ ನನ್ನ ಬೆರಳ ತುದಿಯನ್ನೇ ನೋಡುತ್ತಿದ್ದಳು. ಸೊಸೆ ಆಸ್ಪತ್ರೆಗೆ ತೋರಿಸೋಣವೆಂದಾಗ, "ಇವಳಪ್ಪನೂ ನಾಲ್ಕು ವರ್ಷಕ್ಕೇ ಮಾತು ಕಲಿತದ್ದು, ನಮ್ಮ ಮನೆತನದಲ್ಲೇ ಮಾತು ತಡ" ಎಂದು ನಾನು ಎರಡು ಬಾರಿ ತಡೆದೆ. ಒಂದೂವರೆ ವರ್ಷ ಹಾಗೆಯೇ ಹೋಯಿತು. ಆಕೆ ನನ್ನನ್ನು ಎಂದೂ ದೂರಿಲ್ಲ. ಅದೇ ನನಗೆ ಹೆಚ್ಚು ನೋವು ಕೊಡುತ್ತದೆ.

ಈಗ ಸಂಜೆ ಅವಳೊಂದಿಗೆ ಅಡಿಕೆ ಆರಿಸುವುದು ನನ್ನ ಕೆಲಸ. ಚಾಪೆಯ ಮೇಲೆ ಹರಡಿದ ಅಡಿಕೆಯಲ್ಲಿ ಒಡಕು, ಇಡಿ ಎಂದು ಬೇರ್ಪಡಿಸುವುದರಲ್ಲಿ ಅವಳ ಕಣ್ಣು ನನಗಿಂತ ಚುರುಕು. ನಾನು ಬೇಕೆಂದೇ ಒಂದು ಒಡಕನ್ನು ಇಡಿಯ ರಾಶಿಗೆ ಹಾಕುತ್ತೇನೆ. ಅವಳು ಅದನ್ನು ತೆಗೆದು, ನನ್ನ ಕೈಯ ಮೇಲೆ ಸಣ್ಣದಾಗಿ ತಟ್ಟಿ, "ಅಜ್ಜ, ತಪ್ಪು" ಎನ್ನುತ್ತಾಳೆ. ಮೂವತ್ನಾಲ್ಕು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ಈಗ ತಿದ್ದಿಸಿಕೊಳ್ಳುವುದೇ ಹಿತವಾಗಿದೆ. ತುಮಕೂರಿನ ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಗೊತ್ತಿರುವ ಹಾಡುಗಳೆಲ್ಲ ಆ ಮಗುವಿಗೆ ಬೇಕು.

ಬಾಗಿಲ ಬಳಿಯ ಕುರ್ಚಿ

ನಾನು ಪೋಷಕನಲ್ಲ. ನನಗೇ ಆಟಿಸಂ ಇದೆ; ಅದು ತಿಳಿದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಮಾತು ಬಲ್ಲ, ನೌಕರಿ ಇರುವ ನನ್ನ ಅನುಭವ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎಂಬುದನ್ನು, ಹುಬ್ಬಳ್ಳಿಯವರ ಮಗಳನ್ನು ನೆನೆದು, ಮೊದಲೇ ಹೇಳಿಬಿಡುತ್ತೇನೆ.

ಶಾಲೆಯಲ್ಲಿ ಒಬ್ಬ ಮೇಷ್ಟ್ರು ನನ್ನ ಗದ್ದ ಹಿಡಿದೆತ್ತಿ "ಕಣ್ಣು ನೋಡಿ ಮಾತಾಡು" ಎನ್ನುತ್ತಿದ್ದರು. ಕಣ್ಣು ನೋಡಿದರೆ ನನಗೆ ಅವರ ಮಾತು ಕೇಳಿಸುತ್ತಿರಲಿಲ್ಲ, ಮಾತು ಕೇಳಬೇಕಾದರೆ ಕಣ್ಣು ಕೆಳಗಿಡಬೇಕಾಗಿತ್ತು. ನನ್ನ ತಾಯಿಗೆ ಆಟಿಸಂ ಎಂಬ ಪದವೇ ಗೊತ್ತಿರಲಿಲ್ಲ, ಆದರೂ ಆಕೆ ಮಾಡಿದ ಒಂದು ಉಪಕಾರವನ್ನು ಮರೆಯಲಾರೆ. ಮದುವೆಮನೆಗೆ ಹೋದಾಗ ಓಲಗ ಶುರುವಾಗುವ ಮುಂಚೆಯೇ ನನಗಾಗಿ ಹೊರಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಕುರ್ಚಿ ಹಾಕಿಸುತ್ತಿದ್ದಳು. ನೆಂಟರು "ಯಾಕೆ ಅವನನ್ನು ಅಲ್ಲಿ ಕೂರಿಸಿದೆ" ಎಂದರೆ "ಅವನಿಗೆ ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎನ್ನುತ್ತಿದ್ದಳು. ಊಟದ ಪಂಕ್ತಿಗೆ ನಾನೇ ಎದ್ದು ಹೋಗುತ್ತಿದ್ದೆ.

ಪೋಷಕರು ಮಗುವಿಗೆ ಕಲಿಸಬೇಕಾದ್ದನ್ನು ಎಲ್ಲರೂ ಬರೆಯುತ್ತಾರೆ. ಮಿಕ್ಸಿ ಹಾಕುವ ಮೊದಲು ಹೇಳುವುದು, ಟ್ಯೂಬ್‌ಲೈಟಿನ ಗುಂಯ್ಗುಡುವ ಚೋಕನ್ನು ಬದಲಿಸುವುದು, ಕೈ ಬಡಿಯುವ ಮಗುವಿನ ಕೈಯನ್ನು ನೆಂಟರೆದುರು ಹಿಡಿದಿಡದಿರುವುದು, ಇವೂ ಪೋಷಕರ ಕೆಲಸವೇ. ಕಾರ್ಡಿನ ಡಬ್ಬ ಕಂಡು ಮಂಚದ ಕೆಳಗೆ ಸೇರುವ ಮಗು ಹಟ ಮಾಡುತ್ತಿಲ್ಲ ಸರ್, ತನಗೆ ಗೊತ್ತಿರುವ ಭಾಷೆಯಲ್ಲಿ ಉತ್ತರ ಕೊಟ್ಟಿದೆ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿಯ ಅನುಭವದಿಂದ ಒಂದೇ ಅಂಶ. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನ ಪ್ರಕಾರ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ರೂಪಿಸುವ ತಂಡದಲ್ಲಿ ತಂದೆತಾಯಿಯೂ ಸದಸ್ಯರು. ಸಾಧ್ಯವಿದ್ದಷ್ಟೂ ಮಗುವನ್ನು ಅದರ ಮನೆಭಾಷೆಯಲ್ಲಿ ಪರೀಕ್ಷಿಸಬೇಕೆಂದೂ, ಬೇಕಾದ ಪೋಷಕರಿಗೆ ಸಭೆಯಲ್ಲಿ ದುಭಾಷಿಯನ್ನು ಒದಗಿಸಬೇಕೆಂದೂ ಅದರಲ್ಲಿದೆ. ಮೊದಲ ಸಭೆಯಲ್ಲಿ ನಾನು ಮೇಜಿನ ಸುತ್ತ ಕೂತ ಆರು ಜನರನ್ನು ಕಂಡು ಹೆದರಿ ಎಲ್ಲದಕ್ಕೂ ತಲೆಯಾಡಿಸಿ ಬಂದೆ. ಎರಡನೆಯ ಸಭೆಗೆ ಮಗಳು ಮನೆಯಲ್ಲಿ ಆಡುವ ನಲವತ್ತೆರಡು ಕನ್ನಡ ಪದಗಳನ್ನು ಬರೆದುಕೊಂಡು ಹೋದೆ. ಶಾಲೆಯ ಕಡತದಲ್ಲಿ ಆವರೆಗೆ ಅವಳಿಗೆ ಬರುವ ಪದ ಆರು ಎಂದಿತ್ತು. ನೀವೂ ಅಂಥ ಒಂದು ಪಟ್ಟಿ ಮಾಡಿ ಕೇಂದ್ರಕ್ಕೆ ಕೊಡಿ. ವಾದ ಮಾಡುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ದಾವಣಗೆರೆಯ ಅಮ್ಮ

ಪಟ್ಟಿಯ ಮಾತು ಬಂದದ್ದರಿಂದ ಕಾಗದಪತ್ರದ ವಿಷಯವನ್ನೂ ಸೇರಿಸುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ವೈಕಲ್ಯ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಸಿಗುತ್ತದೆ. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನವಾದ ಐಸಾದಲ್ಲಿ 40 ಅಂಶಗಳಿವೆ. ಮಗುವನ್ನು ಗಮನಿಸುವುದರ ಜೊತೆಗೆ ಮನೆಯವರನ್ನು ವಿಚಾರಿಸಿ ಅಂಕ ಹಾಕುತ್ತಾರೆ. ನಾನು ಮೊದಲ ಬಾರಿ ಬರಿಗೈಯಲ್ಲಿ ಹೋದಾಗ "ನೋಡೋಕೆ ಚೆನ್ನಾಗೇ ಇದ್ದಾನಲ್ಲ" ಎಂದು ವಾಪಸು ಕಳಿಸಿದ್ದರು. ಎರಡನೆಯ ಬಾರಿ ಮೂರು ತಿಂಗಳ ದಿನಚರಿ ಮತ್ತು ಮೊಬೈಲಿನಲ್ಲಿ ತೆಗೆದ ವಿಡಿಯೊಗಳೊಂದಿಗೆ ಹೋದೆ, ಮಾತು ಬದಲಾಯಿತು. 1999ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿಯ ಖರ್ಚಿನ ಒಂದು ಭಾಗವೂ ಅದರಲ್ಲಿ ಸೇರುತ್ತದೆ. ಮಗನಿಗೆ ಹದಿನೆಂಟಾದ ಮೇಲೆ, ಅಗತ್ಯವಿದ್ದರೆ, ಕಾನೂನುಬದ್ಧ ಪೋಷಕತ್ವಕ್ಕೆ ಅರ್ಜಿ ಹಾಕಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಅದು ನಿಮಗಿನ್ನೂ ದೂರ, ಆದರೆ ರಸೀದಿಗಳನ್ನು ಇಂದಿನಿಂದಲೇ ಕೂಡಿಡಿ.

ತುಮಕೂರಿನ ತಂದೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಬೆಂಗಳೂರಿನ ಸಹೋದರಿ ನಮ್ಮ ಮನೆಯ ಬಗ್ಗೆ ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದಾಗ ಆಕೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅಂದಿನಿಂದ ಸಂಜೆಯ ಸ್ನಾನ ನನ್ನದು. ಮೊದಲ ವಾರ ಅವನು ಬಚ್ಚಲು ಬಿಟ್ಟು ಎರಡು ಬಾರಿ ಬರಿಮೈಯಲ್ಲಿ ರಸ್ತೆಗೆ ಓಡಿದ. ತಂಬಿಗೆಯಿಂದ ತಲೆಗೆ ನೀರು ಬೀಳುವುದು ಅವನಿಗೆ ಆಗದು, ಬೆನ್ನಿಗೆ ಹುಯ್ದರೆ ನಗುತ್ತಾನೆ ಎಂಬುದು ನನ್ನ ಹೆಂಡತಿಗೆ ಎರಡು ವರ್ಷದಿಂದ ಗೊತ್ತಿತ್ತಂತೆ. ನಾನು ಎಂದೂ ಕೇಳಿರಲಿಲ್ಲ.

ಕನ್ನಡ ಮನೆಗೆ ಮರಳಿದೆ. ಪದಗಳ ಪಟ್ಟಿ ಮಾಡಲು ಕೂತಾಗ ಹದಿನೇಳು ಸಿಕ್ಕವು, ಅದರಲ್ಲಿ ಒಂಬತ್ತನ್ನು ಹೇಳಿದವರು ನನ್ನ ತಾಯಿ. ನಮಗೆ ಅವು ಪದಗಳೆಂದೇ ಗೊತ್ತಾಗಿರಲಿಲ್ಲ. "ಬೇಕಾ" ಎನ್ನುವುದನ್ನು ನಾವು ಬಿಡುವುದು ಅವನು "ಬೇಕು" ಕಲಿಯುವುದಕ್ಕಿಂತ ಕಷ್ಟವಾಗಿದೆ. ದಿನಕ್ಕೆ ಇಪ್ಪತ್ತು ಬಾರಿ ತಪ್ಪುತ್ತೇವೆ. ಪಟ್ಟಿಯನ್ನು ಕೇಂದ್ರಕ್ಕೆ ಕೊಟ್ಟು ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆಂದು ಹೇಳಿದಾಗ ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, "ಮೂರು ತಿಂಗಳು ನೋಡೋಣ" ಎಂದರು. ಕಾರ್ಡಿನ ಡಬ್ಬ ಅಟ್ಟದ ಮೇಲಿದೆ. ಹುಬ್ಬಳ್ಳಿಯವರ ಮಾತನ್ನು ನೆನೆದು ಅದನ್ನು ಎಸೆದಿಲ್ಲ.

ಇನ್ನು "ರೈಟ್ ರೈಟ್". ಒಂದು ವಾರ ಬರೆದಿಟ್ಟೆವು. ಊಟದ ತಟ್ಟೆ ಖಾಲಿಯಾದಾಗ, ಚಪ್ಪಲಿ ಹಾಕಿದಾಗ, ನೆಂಟರು ಬಂದು ಬಹಳ ಹೊತ್ತು ಕೂತಾಗ ಹೇಳುತ್ತಿದ್ದ. ಕೊನೆಯದನ್ನು ಓದಿ ನಾವಿಬ್ಬರೂ ನಕ್ಕೆವು. ಕಳೆದ ಭಾನುವಾರ ಪಾರ್ಕಿನಲ್ಲಿ ಅವನನ್ನು ಉಯ್ಯಾಲೆಯಲ್ಲಿ ತೂಗುತ್ತಿದ್ದೆ. ನಡುವೆ ಹಗ್ಗ ಹಿಡಿದು ನಿಲ್ಲಿಸಿ, ಕಂಡಕ್ಟರನ ದನಿಯಲ್ಲಿ "ಹೋಲ್ಡಾನ್" ಎಂದೆ. ಮೈಸೂರಿನ ಅಮ್ಮ ಹೇಳಿದಂತೆ ಮನಸ್ಸಿನಲ್ಲಿ ಎಣಿಸತೊಡಗಿದೆ. ಏಳಕ್ಕೆ ಬಂದಾಗ ಅವನು ನೆಲ ನೋಡುತ್ತಲೇ "ರೈಟ್" ಎಂದ. ತೂಗಿದೆ. ಮತ್ತೆ ನಿಲ್ಲಿಸಿದೆ, ಮತ್ತೆ ಹೇಳಿದ. ಹೀಗೆ ಹತ್ತು ಹನ್ನೆರಡು ಬಾರಿ ಆಯಿತು. ಆಮೇಲೆ ನಾನು ನಿಲ್ಲಿಸುವ ಮೊದಲೇ ಅವನೇ "ಹೋಲ್ಡಾನ್" ಎಂದು ಕೂಗಿ, ಇಳಿದು, ಚಪ್ಪಲಿಯ ಕಡೆ ನಡೆದ.